ಸಹಿಗೆ ಮೊದಲು ಪರೀಕ್ಷೆ: ಮನೆಯ ಕರೆಂಟು, ಗ್ಯಾಸ್ ಕೆಲಸಕ್ಕೆ ಬೇಕಾದ ಅನುಮತಿ ಮತ್ತು ತಪಾಸಣೆ

ಮನೆ ಕಟ್ಟಿ ಮುಗಿಯುವ ಹೊತ್ತಿಗೆ ಎಲ್ಲರಿಗೂ ಅವಸರ. ಗೃಹಪ್ರವೇಶದ ಮುಹೂರ್ತ ಗೊತ್ತಾಗಿರುತ್ತದೆ, ಅಷ್ಟರೊಳಗೆ ಮೀಟರ್ ಕೂರಬೇಕು, ಒಲೆ ಹೊತ್ತಬೇಕು. ಆ ಗಡಿಬಿಡಿಯಲ್ಲಿ ಕಾಂಟ್ರಾಕ್ಟರು ನಾಲ್ಕಾರು ಅರ್ಜಿಗಳನ್ನು ಮುಂದಿಡುತ್ತಾರೆ, ಮನೆಯವರು ತೋರಿಸಿದ ಕಡೆ ಸಹಿ ಹಾಕುತ್ತಾರೆ. ಆ ಕಾಗದಗಳಲ್ಲಿ ಒಂದು ವೈರಿಂಗ್ ಪೂರ್ಣಗೊಂಡ ವರದಿ. ಈ ಮನೆಯ ವೈರಿಂಗ್ ಪರೀಕ್ಷಿಸಲಾಗಿದೆ, ವಿದ್ಯುತ್ ಕೊಡಲು ಯೋಗ್ಯವಾಗಿದೆ ಎಂದು ಅದು ಹೇಳುತ್ತದೆ. ಪರೀಕ್ಷೆ ನಿಜವಾಗಿ ನಡೆಯಿತೇ ಎಂದು ಕೇಳುವವರು ಕಡಿಮೆ. ಆ ವರದಿ ಸುಳ್ಳಾದರೆ ನಷ್ಟ ಆ ಮನೆಯಲ್ಲಿ ಮಲಗುವವರಿಗೆ, ಅಡುಗೆ ಮಾಡುವವರಿಗೆ.

ಕರ್ನಾಟಕದಲ್ಲಿ ಮನೆಯ ವಿದ್ಯುತ್ ಮತ್ತು ಅಡುಗೆ ಅನಿಲದ ಕೆಲಸಕ್ಕೆ ಯಾರ ಅನುಮತಿ ಬೇಕು, ಯಾರು ತಪಾಸಣೆ ಮಾಡಬೇಕು, ಆಗ ಮನೆಯವರು ಏನು ನೋಡಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ತಿಳಿಯೋಣ.

ಮೀಟರಿನ ಆಚೆ ಅವರದು, ಈಚೆ ನಿಮ್ಮದು

ಕಂಬದಿಂದ ಮೀಟರಿನವರೆಗಿನ ವ್ಯವಸ್ಥೆಯ ಹೊಣೆ ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಯದು. ಬೆಂಗಳೂರು ಭಾಗಕ್ಕೆ ಬೆಸ್ಕಾಂ, ಕರಾವಳಿ ಮತ್ತು ಮಲೆನಾಡಿನ ಹೆಚ್ಚಿನ ಭಾಗಕ್ಕೆ ಮೆಸ್ಕಾಂ, ಮೈಸೂರು ಭಾಗಕ್ಕೆ ಸೆಸ್ಕ್, ಹುಬ್ಬಳ್ಳಿ ಭಾಗಕ್ಕೆ ಹೆಸ್ಕಾಂ, ಕಲಬುರಗಿ ಭಾಗಕ್ಕೆ ಜೆಸ್ಕಾಂ. ಮೀಟರು ದಾಟಿದ ಮೇಲೆ ಗೋಡೆಯೊಳಗಿನ ಪ್ರತಿ ತಂತಿ, ಪ್ರತಿ ಸಾಕೆಟ್, ಅರ್ಥಿಂಗ್ ಗುಂಡಿ ಎಲ್ಲವೂ ಮನೆಯ ಮಾಲೀಕರ ಹೊಣೆ.

ಇನ್ನೊಂದು ಸರ್ಕಾರಿ ಕಚೇರಿಯ ಹೆಸರು ಹಲವರಿಗೆ ಗೊತ್ತಿಲ್ಲ. ಅದು ಇಂಧನ ಇಲಾಖೆಯ ವಿದ್ಯುತ್ ಪರಿವೀಕ್ಷಣಾಲಯ. ಕಾಂಟ್ರಾಕ್ಟರಿಗೆ ಲೈಸೆನ್ಸ್, ಸೂಪರ್‌ವೈಸರ್ ಮತ್ತು ವೈರ್‌ಮನ್‌ಗಳಿಗೆ ಪರ್ಮಿಟ್ ಕೊಡುವುದು, ವಿದ್ಯುತ್ ಅವಘಡಗಳ ತನಿಖೆ ನಡೆಸುವುದು ಈ ಕಚೇರಿಯ ಕೆಲಸ. 15 ಮೀಟರಿಗಿಂತ ಎತ್ತರದ ಕಟ್ಟಡಕ್ಕೆ ವಿದ್ಯುತ್ ಪಡೆಯುವಾಗ ಇವರ ಪರಿವೀಕ್ಷಣೆಯೂ ಆಗಬೇಕು. ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಳ್ಳುವವರು ಬಿಲ್ಡರಿಂದ ಈ ಪರಿವೀಕ್ಷಣೆಯ ಮಂಜೂರಾತಿ ಪ್ರತಿಯನ್ನು ಕೇಳಿ ಪಡೆಯಬೇಕು.

ಕೆಲಸ ಯಾರು ಮಾಡಬಹುದು?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಮೊದಲು 2010ರಲ್ಲಿ ಬಂತು, ಈಗ ಜಾರಿಯಲ್ಲಿರುವುದು 2023ರದು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಜಾಗದಲ್ಲೇ, ಇದ್ದ ಸಾಮರ್ಥ್ಯದಲ್ಲೇ ಬದಲಾಯಿಸುವುದಕ್ಕೆ ಅದರಲ್ಲಿ ಅಡ್ಡಿಯಿಲ್ಲ. ಹೊಸ ಪಾಯಿಂಟ್ ಹಾಕುವುದು, ಲೈನ್ ವಿಸ್ತರಿಸುವುದು, ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಬದಲಿಸುವುದು, ಅಂದರೆ ವೈರಿಂಗಿನ ಸಾಮರ್ಥ್ಯವನ್ನೋ ಸ್ವರೂಪವನ್ನೋ ಬದಲಿಸುವ ಯಾವ ಕೆಲಸವನ್ನಾದರೂ ಲೈಸೆನ್ಸ್ ಪಡೆದ ಕಾಂಟ್ರಾಕ್ಟರ್ ಮೂಲಕ, ಅರ್ಹತಾ ಪತ್ರವಿರುವ ಸೂಪರ್‌ವೈಸರ್ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವ ವೈರ್‌ಮನ್ ಕೈಯಿಂದಲೇ ಮಾಡಿಸಬೇಕು.

ಬಹಳ ಕಡೆ ನಡೆಯುವುದು ಬೇರೆ. ಕೆಲಸ ಮಾಡುವವರು ಒಬ್ಬರು, ವರದಿಗೆ ಸಹಿ ಹಾಕುವ ಲೈಸೆನ್ಸುದಾರರು ಇನ್ನೊಬ್ಬರು. ಸಹಿ ಹಾಕಿದವರು ಆ ಮನೆಯ ಹೊಸ್ತಿಲು ತುಳಿದಿರುವುದೇ ಇಲ್ಲ. ಇದನ್ನು ತಪ್ಪಿಸಲು ದಾರಿ ಸುಲಭ. ಕೆಲಸ ಒಪ್ಪಿಸುವಾಗಲೇ ಲೈಸೆನ್ಸಿನ ಪ್ರತಿ ಕೇಳಿ, ಅದರ ಮೇಲಿನ ಹೆಸರು ಮತ್ತು ಅವಧಿ ನೋಡಿ. ವರದಿಗೆ ಸಹಿ ಹಾಕುವವರು ಗೋಡೆಗೆ ಗಾರೆ ಮೆತ್ತುವ ಮೊದಲು ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ ಬಂದು ನೋಡಬೇಕೆಂದು ಕರಾರಿನಲ್ಲೇ ಬರೆಸಿ. ಗಾರೆ ಆಗುವ ಮುನ್ನ ಪೈಪು ಮತ್ತು ತಂತಿ ಹಾದುಹೋದ ಗೋಡೆಗಳ ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ, ಡ್ರಿಲ್ ಮಾಡುವಾಗ ಅದು ಪ್ರಾಣ ಉಳಿಸುತ್ತದೆ.

ಹೊಸ ಸಂಪರ್ಕದ ಹಂತಗಳು

ಮನೆ ಕಟ್ಟಲು ಶುರುಮಾಡುವಾಗ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಬೇಕು. ಪಕ್ಕದ ಮನೆಯಿಂದ ವೈರು ಎಳೆದು ಕ್ಯೂರಿಂಗ್ ಪಂಪು, ಕಟಿಂಗ್ ಮಷೀನು ಓಡಿಸುವುದು ನಿಯಮಕ್ಕೆ ವಿರುದ್ಧ, ಒದ್ದೆ ನೆಲದ ಮೇಲೆ ಕೆಲಸ ಮಾಡುವ ಗಾರೆಯವರ ಜೀವಕ್ಕೂ ಅಪಾಯ.

ಕಾಯಂ ಸಂಪರ್ಕಕ್ಕೆ ಕಂಪನಿಯ ಜಾಲತಾಣದಲ್ಲಾಗಲಿ ಉಪವಿಭಾಗ ಕಚೇರಿಯಲ್ಲಾಗಲಿ ಅರ್ಜಿ ಹಾಕಬಹುದು. ಗುರುತಿನ ದಾಖಲೆ, ಜಾಗದ ಮಾಲೀಕತ್ವದ ದಾಖಲೆ, ಸ್ಥಳೀಯ ಸಂಸ್ಥೆ ಮಂಜೂರು ಮಾಡಿದ ನಕ್ಷೆ, ಕಾಂಟ್ರಾಕ್ಟರ್ ಸಹಿ ಮಾಡಿದ ವೈರಿಂಗ್ ವರದಿ ಇವು ಮುಖ್ಯ ಕಾಗದಗಳು. ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ ಇಲ್ಲದೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ನೀಡಿದ ತೀರ್ಪಿನ ನಂತರ ಈ ಪತ್ರದ ವಿಚಾರ ಬಿಗಿಯಾಗಿದೆ. ಸಣ್ಣ ನಿವೇಶನಗಳ ಮನೆಗಳಿಗೆ ಸಂಬಂಧಿಸಿದ ಸರ್ಕಾರಿ ಆದೇಶಗಳು ಆಗಾಗ ಬದಲಾಗಿವೆ. ಆದ್ದರಿಂದ ಪಾಯ ತೆಗೆಯುವ ಮೊದಲೇ ನಿಮ್ಮ ಉಪವಿಭಾಗದಲ್ಲಿ ಸದ್ಯದ ನಿಯಮ ಏನೆಂದು ಕೇಳಿಕೊಳ್ಳಿ, ಮಂಜೂರಾದ ನಕ್ಷೆಯನ್ನು ಮೀರಬೇಡಿ.

ದಾಖಲೆಗಳೆಲ್ಲ ಸರಿಯಿದ್ದರೆ ಕಂಪನಿ ಎಷ್ಟು ದಿನದಲ್ಲಿ ಸಂಪರ್ಕ ಕೊಡಬೇಕೆಂಬುದಕ್ಕೂ ಕಾನೂನು ಇದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಮಹಾನಗರಗಳಲ್ಲಿ 3 ದಿನ, ಇತರ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನ ಇದರ ಮಿತಿ. ಗುಡ್ಡಗಾಡಿನ ಹಳ್ಳಿಗಳಿಗೆ 30 ದಿನ. ಹೊಸದಾಗಿ ಕಂಬ ನೆಟ್ಟು ಲೈನ್ ಎಳೆಯಬೇಕಾದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಸಕಾರಣವಿಲ್ಲದೆ ತಡವಾದರೆ ಮೊದಲು ಲಿಖಿತವಾಗಿ ಕೇಳಿ. ಉತ್ತರ ಬರದಿದ್ದರೆ ಕಂಪನಿಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬಹುದು, ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ.

ಸಂಪರ್ಕ ಕೊಡುವ ಮೊದಲು ಕಂಪನಿ ತಾನೇ ಮನೆಯ ವೈರಿಂಗ್ ಪರೀಕ್ಷಿಸಬಹುದು, ಇಲ್ಲವೇ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಸಹಿ ಮಾಡಿದ ಪರೀಕ್ಷಾ ವರದಿಯನ್ನು ಒಪ್ಪಬಹುದು. ಎರಡನೆಯ ದಾರಿ ಹಿಡಿದಾಗ ನಿಮ್ಮ ಮನೆಯ ಪರೀಕ್ಷೆಗೆ ಕಾಂಟ್ರಾಕ್ಟರನ್ನು ಬಿಟ್ಟರೆ ಇರುವ ಸಾಕ್ಷಿ ನೀವೊಬ್ಬರೇ. ಅದಕ್ಕೇ ಆ ದಿನ ನೀವು ಸ್ಥಳದಲ್ಲಿರಬೇಕು.

ಪರೀಕ್ಷೆಯ ದಿನ ಏನು ನೋಡಬೇಕು?

ಒಂದು, ಮೆಗ್ಗರ್ ಪರೀಕ್ಷೆ. ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಎಲ್ಲಾದರೂ ಹರಿದು ಕರೆಂಟು ಸೋರುತ್ತಿದೆಯೇ ಎಂದು ಇದು ತೋರಿಸುತ್ತದೆ. ಮೆಗ್ಗರಿನಿಂದ 500 ವೋಲ್ಟ್ ಡಿಸಿಯನ್ನು ಒಂದು ನಿಮಿಷ ಹರಿಸಿ ತಂತಿಗೂ ಭೂಮಿಗೂ ನಡುವಿನ ಅಳತೆ ನೋಡುತ್ತಾರೆ. ಅದು ಕನಿಷ್ಠ 1 ಮೆಗಾ ಓಮ್ ಇರಬೇಕು. ಮುಳ್ಳು ಅಥವಾ ಅಂಕಿ ಎಲ್ಲಿ ನಿಂತಿತೆಂದು ಕಣ್ಣಾರೆ ನೋಡಿ, ಅದೇ ಸಂಖ್ಯೆ ವರದಿಯಲ್ಲಿ ಬಂದಿದೆಯೇ ಗಮನಿಸಿ.

ಎರಡು, ಅರ್ಥಿಂಗ್. ಮನೆಗೆ ಸ್ವಂತ ಅರ್ಥಿಂಗ್ ಗುಂಡಿ ಇರಬೇಕು, ಅದರ ತಂತಿ ಡಿಬಿಯವರೆಗೂ, ಅಲ್ಲಿಂದ ಪ್ರತಿ ಮೂರು ಪಿನ್ ಸಾಕೆಟ್ಟಿನವರೆಗೂ ಮುಟ್ಟಬೇಕು. ಕೆಲವು ಕಡೆ ಗುಂಡಿ ತೆಗೆಯುವ ಖರ್ಚು ಉಳಿಸಲು ಸಾಕೆಟ್ಟಿನಲ್ಲಿ ನ್ಯೂಟ್ರಲ್ಲನ್ನೂ ಅರ್ತನ್ನೂ ಒಂದೇ ತುಂಡಿನಿಂದ ಸೇರಿಸಿಬಿಡುತ್ತಾರೆ. ಮುಂದೆ ನ್ಯೂಟ್ರಲ್ ತಂತಿ ಕಡಿದರೆ ಫ್ರಿಜ್ಜು, ವಾಷಿಂಗ್ ಮಷೀನಿನ ಮೈಯೆಲ್ಲ ಕರೆಂಟಾಗುತ್ತದೆ. ಅರ್ತ್ ಟೆಸ್ಟರಿನಲ್ಲಿ ಎಷ್ಟು ಓಮ್ ಬಂತೆಂದು ಬರೆಸಿಕೊಳ್ಳಿ. ಗುಂಡಿಯ ಮೇಲೆ ಕಾಂಕ್ರೀಟ್ ಸುರಿದು ಮುಚ್ಚಿಬಿಡಬೇಡಿ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಲು ಜಾಗ ಇರಲಿ.

ಮೂರು, ಆರ್‌ಸಿಸಿಬಿ. ಎಂಸಿಬಿ ಇದ್ದರೆ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಎಂಸಿಬಿ ತಂತಿಯನ್ನು ಕಾಯುತ್ತದೆ. ಲೋಡ್ ಹೆಚ್ಚಾದರೆ, ಶಾರ್ಟ್ ಆದರೆ ಬೀಳುತ್ತದೆ. ಮನುಷ್ಯನ ಮೈಯಲ್ಲಿ ಹರಿಯುವ ಸಣ್ಣ ಕರೆಂಟು ಅದಕ್ಕೆ ತಿಳಿಯುವುದೇ ಇಲ್ಲ. ಆ ಸೋರಿಕೆಯನ್ನು ಗುರುತಿಸಿ ಕ್ಷಣಾರ್ಧದಲ್ಲಿ ಕಡಿಯುವುದು ಆರ್‌ಸಿಸಿಬಿ. ಮನೆಗಳಿಗೆ ಅದು 30 ಮಿಲಿ ಆಂಪಿಯರಿಗೆ ಮೀರದ ಸೋರಿಕೆಯಲ್ಲೇ ಬೀಳಬೇಕು. ಪೆಟ್ಟಿಗೆಯ ಮೇಲೆ ‘30 ಎಂಎ’ ಎಂದು ಇದೆಯೇ ನೋಡಿ, ಅದರ ಟೆಸ್ಟ್ ಗುಂಡಿಯನ್ನು ನಿಮ್ಮೆದುರೇ ಒತ್ತಿಸಿ. ಆಮೇಲೂ ತಿಂಗಳಿಗೊಮ್ಮೆ ಒತ್ತುತ್ತಿರಿ. ಒತ್ತಿದರೂ ಬೀಳದ ಆರ್‌ಸಿಸಿಬಿಯನ್ನು ಅಂದೇ ಬದಲಿಸಿ. ಆಗಾಗ ಬೀಳುತ್ತದೆಂಬ ಕಿರಿಕಿರಿಗೆ ಅದನ್ನು ತೆಗೆಸುವವರಿದ್ದಾರೆ. ಅದು ಬೀಳುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಗೀಸರ್, ಸಂಪಿನ ಪಂಪು, ಒದ್ದೆ ಗೋಡೆಯ ಪಾಯಿಂಟು ಇವನ್ನು ಮೊದಲು ನೋಡಿಸಿ.

ನಾಲ್ಕು, ತಂತಿಯ ದಪ್ಪ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್, ಪವರ್ ಪಾಯಿಂಟಿಗೆ 2.5, ಎ.ಸಿ. ಮತ್ತು ದೊಡ್ಡ ಗೀಸರಿಗೆ 4 ಎಂಬುದು ಸಾಮಾನ್ಯ ರೂಢಿ. ತಂತಿಯ ಮೈಮೇಲೆ ಐಎಸ್‌ಐ ಗುರುತು ಮತ್ತು ಅಳತೆ ಮುದ್ರಿತವಾಗಿರುತ್ತದೆ. ಸುರುಳಿ ಬಿಚ್ಚುವಾಗಲೇ ಓದಿ.

ಐದು, ಹೊರಗಿನ ಲೈನ್. ಮನೆಯ ಪಕ್ಕ ಬೀದಿಯ 230 ವೋಲ್ಟಿನ ಲೈನ್ ಹಾದರೆ ಗೋಡೆಯಿಂದ ಕನಿಷ್ಠ 1.2 ಮೀಟರ್, ತಾರಸಿಯ ಮೇಲೆ ಹಾದರೆ 2.5 ಮೀಟರ್ ಅಂತರ ಬೇಕು. 11 ಕೆವಿ ಲೈನಾದರೆ ಪಕ್ಕಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್. ಬಾಲ್ಕನಿ ಚಾಚುವಾಗ, ಮೇಲಿನ ಮಹಡಿ ಎತ್ತುವಾಗ ಈ ಅಂತರ ನುಂಗಿಹೋಗುತ್ತದೆ, ಬಟ್ಟೆ ಒಣಹಾಕುವವರ ಕೈಗೆ, ಗಾಳಿಪಟ ಹಾರಿಸುವ ಮಕ್ಕಳ ಕೈಗೆ ಲೈನ್ ಸಿಗುವಂತಾಗುತ್ತದೆ. ಮೊದಲೇ ಲೈನ್ ಸ್ಥಳಾಂತರಕ್ಕೆ ಅರ್ಜಿ ಹಾಕಿ ಖರ್ಚು ಕಟ್ಟುವುದು ಕ್ಷೇಮ. ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಬಿಟ್ಟು ನೈಲಾನ್ ಹಗ್ಗ ಕಟ್ಟಿ. ಅದನ್ನು ಮೀಟರ್ ಪೈಪಿಗಾಗಲಿ ವಿದ್ಯುತ್ ಕಂಬಕ್ಕಾಗಲಿ ಬಿಗಿಯಬೇಡಿ.

ಮನೆ ಬದಲಾದರೆ ಕಾಗದವೂ ಬದಲಾಗಬೇಕು

ಮೂವತ್ತು ವರ್ಷದ ಹಿಂದೆ ನಾಲ್ಕು ದೀಪ, ಎರಡು ಫ್ಯಾನು, ಒಂದು ಮಿಕ್ಸಿಗೆಂದು ಎಳೆದ ತಂತಿಯ ಮೇಲೆ ಇಂದು ಗೀಸರ್, ಇಂಡಕ್ಷನ್ ಒಲೆ, ಎ.ಸಿ., ವಿದ್ಯುತ್ ಸ್ಕೂಟರಿನ ಚಾರ್ಜರು ಎಲ್ಲ ಕೂತಿವೆ. ಬಿಲ್ಲಿನ ಮೇಲೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಇರುತ್ತದೆ. ಬಳಕೆ ಅದನ್ನು ಮೀರುತ್ತಿದ್ದರೆ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ಅರ್ಜಿಗೆ ಮೊದಲು ಒಳಗಿನ ತಂತಿ ಆ ಭಾರ ತಡೆಯುತ್ತದೆಯೇ ಎಂದು ಕಾಂಟ್ರಾಕ್ಟರಿಂದ ಪರೀಕ್ಷೆ ಮಾಡಿಸಿ. ಮಹಡಿ ಕಟ್ಟಿ ಬಾಡಿಗೆಗೆ ಕೊಡುವವರು ಕೆಳಮನೆಯ ಮೀಟರಿನಿಂದ ವೈರು ಹರಿಸದೆ ಪ್ರತ್ಯೇಕ ಸಂಪರ್ಕ ಪಡೆಯಬೇಕು. ಮನೆಯ ಮುಂಭಾಗ ಅಂಗಡಿಯಾದರೆ ದರದ ವರ್ಗವೂ ಬದಲಾಗಬೇಕು. ಇಲ್ಲದಿದ್ದರೆ ಅದು ಅನಧಿಕೃತ ಬಳಕೆಯಾಗಿ ದಂಡ ಬೀಳುತ್ತದೆ.

ತಾರಸಿಯ ಸೌರ ಫಲಕಕ್ಕೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಹೆಚ್ಚಿನದಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಅದಕ್ಕೆ ರಾಷ್ಟ್ರೀಯ ಪೋರ್ಟಲಿನಲ್ಲಿ ನೋಂದಾಯಿತ ಮಾರಾಟಗಾರರೇ ಅಳವಡಿಸಬೇಕು, ವಿದ್ಯುತ್ ಕಂಪನಿಯ ತಪಾಸಣೆಯಾಗಿ ನೆಟ್ ಮೀಟರ್ ಕೂರಬೇಕು. ಜನರೇಟರ್ ಇರುವವರು ಚೇಂಜ್ ಓವರ್ ಸ್ವಿಚ್ ಹಾಕಿಸಲೇಬೇಕು. ಅದಿಲ್ಲದಿದ್ದರೆ ನಿಮ್ಮ ಮನೆಯ ಕರೆಂಟು ಹಿಮ್ಮುಖವಾಗಿ ಹರಿದು, ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣ ತೆಗೆಯಬಹುದು. ಮನೆಯೊಳಗೆ ಲಿಫ್ಟ್ ಇಡಿಸುವವರಿಗೆ 2012ರ ಕರ್ನಾಟಕ ಲಿಫ್ಟ್ ಕಾಯ್ದೆ ಅನ್ವಯಿಸುತ್ತದೆ. ಅದರ ಅನುಮತಿಗೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಹೋಗಬೇಕು.

ಸಿಲಿಂಡರ್: ಐದು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ

ಮನೆಯಲ್ಲಿ 14.2 ಕೆ.ಜಿ.ಯ ಒಂದೆರಡು ಸಿಲಿಂಡರ್ ಇಡಲು ಲೈಸೆನ್ಸ್ ಬೇಕಿಲ್ಲ. ಆದರೆ ತೈಲ ಕಂಪನಿಗಳ ವ್ಯವಸ್ಥೆಯಲ್ಲಿ ಪ್ರತಿ ಗ್ರಾಹಕರ ಮನೆಗೂ ಐದು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಆಗಬೇಕು, ರಬ್ಬರ್ ಪೈಪನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಬಂದವರಿಂದ ಏಜೆನ್ಸಿಯ ಗುರುತಿನ ಚೀಟಿ ಕೇಳಿ. ಅನುಮಾನವಿದ್ದರೆ ಏಜೆನ್ಸಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಅಡುಗೆಮನೆಗೆ ಬಿಡಿ. ಹಣ ಕೊಟ್ಟರೆ ರಸೀದಿ ಪಡೆಯಿರಿ. ತಪಾಸಣೆಯ ಹೆಸರಲ್ಲಿ ಒಲೆ, ಲೈಟರ್, ಬೇರೆ ಸಾಮಾನು ಕೊಳ್ಳಲೇಬೇಕೆಂದು ಒತ್ತಾಯಿಸಿದರೆ ಒಪ್ಪಬೇಡಿ.

ತಪಾಸಣೆಗೆ ಬಂದವರು ಸಿಲಿಂಡರಿನ ವಾಲ್ವ್, ಒಳಗಿನ ರಬ್ಬರ್ ಉಂಗುರ, ರೆಗ್ಯುಲೇಟರ್, ಪೈಪಿನ ಎರಡೂ ತುದಿ, ಒಲೆಯ ತಿರುಪು ಇವೆಲ್ಲವನ್ನೂ ಸೋಪಿನ ನೀರಿನಿಂದ ಪರೀಕ್ಷಿಸಬೇಕು. ಒಳಗೆ ಕಾಲಿಟ್ಟು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೊರಟರೆ ಅದು ತಪಾಸಣೆಯಲ್ಲ. ನಿಮ್ಮ ಸಹಿಯನ್ನು ಕೊನೆಗೆ ಕೊಡಿ.

ನೀವೇ ನೋಡಬಹುದಾದವೂ ಇವೆ. ಪೈಪಿನ ಮೇಲೆ ಐಎಸ್‌ಐ ಗುರುತು ಮತ್ತು ವರ್ಷ ಅಚ್ಚಾಗಿರುತ್ತದೆ. ಸಿಲಿಂಡರಿನ ಮೇಲ್ಭಾಗದ ಪಟ್ಟಿಯ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿ ಇರುತ್ತವೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲಿನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರಿನಿಂದ ಡಿಸೆಂಬರ್. ‘ಸಿ-29’ ಎಂದಿದ್ದರೆ ಆ ಸಿಲಿಂಡರಿನ ಮರುಪರೀಕ್ಷೆ 2029ರ ಸೆಪ್ಟೆಂಬರಿನೊಳಗೆ ಆಗಬೇಕು. ಅವಧಿ ಮೀರಿದ್ದನ್ನು ಬಾಗಿಲಲ್ಲೇ ಹಿಂದಿರುಗಿಸಿ.

ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಮಾಡ್ಯುಲರ್ ಅಡುಗೆಮನೆ ಮಾಡಿಸುವಾಗ ಎರಡು ತಪ್ಪು ಸಾಮಾನ್ಯ. ಗಾಳಿಯಾಡದ ಕಪಾಟಿನೊಳಗೆ ಸಿಲಿಂಡರ್ ಮುಚ್ಚಿಡುವುದು ಒಂದು, ರಬ್ಬರ್ ಪೈಪನ್ನು ಗೋಡೆ ಅಥವಾ ಹಲಗೆ ಕೊರೆದು ಮರೆಯಾಗಿ ಎಳೆಯುವುದು ಇನ್ನೊಂದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲಮಟ್ಟದಲ್ಲಿ, ಕಪಾಟಿನ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಕಪಾಟಿನ ಕೆಳಭಾಗದಲ್ಲಿ ಗಾಳಿ ಹಾಯುವ ಕಿಂಡಿ ಬೇಕು. ಅಡುಗೆಮನೆ ಬದಲಿಸಿದ ಕೂಡಲೇ ಏಜೆನ್ಸಿಯ ಮೆಕ್ಯಾನಿಕ್ ಕರೆಸಿ ತೋರಿಸಿ. ಅಪಾರ್ಟ್‌ಮೆಂಟಿನಲ್ಲಿ ಒಂದೇ ಕಡೆ ಸಿಲಿಂಡರ್ ಸಾಲು ಇಟ್ಟು ಮನೆಮನೆಗೆ ಪೈಪು ಹರಿಸುವ ವ್ಯವಸ್ಥೆಯಿದ್ದು, ದಾಸ್ತಾನು 100 ಕೆ.ಜಿ. ಮೀರಿದರೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಲೈಸೆನ್ಸ್ ಬೇಕು. ನಿವಾಸಿಗಳ ಸಂಘ ಅದರ ಅವಧಿ ನೋಡುತ್ತಿರಬೇಕು.

ಗ್ಯಾಸ್ ಗೀಸರ್: ಬಚ್ಚಲಿನೊಳಗೆ ಬೇಡವೇ ಬೇಡ

ಕರ್ನಾಟಕದ ಊರುಗಳಲ್ಲಿ ಗ್ಯಾಸ್ ಗೀಸರಿನಿಂದ ಬಚ್ಚಲಲ್ಲೇ ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಕಾರಣ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಮುಚ್ಚಿದ ಸಣ್ಣ ಕೋಣೆಯಲ್ಲಿ ಉರಿ ಆಮ್ಲಜನಕವನ್ನು ಮುಗಿಸುತ್ತದೆ, ಅರೆಬರೆ ಉರಿದ ಅನಿಲ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರುವ ಗ್ಯಾಸಿನ ವಾಸನೆ ಬರುತ್ತದೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಸ್ನಾನ ಮಾಡುತ್ತಿರುವವರು ತಲೆ ಸುತ್ತಿ ಬೀಳುತ್ತಾರೆ, ಚಿಲಕ ತೆಗೆಯಲೂ ಆಗುವುದಿಲ್ಲ.

ಗೀಸರನ್ನೂ ಅದರ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲೋ ಹಿತ್ತಿಲ ಗೋಡೆಯಲ್ಲೋ ಇಡಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಐಎಸ್‌ಐ ಗುರುತಿನ ಗೀಸರನ್ನೇ ಕೊಳ್ಳಿ, ಕಂಪನಿಯ ತಂತ್ರಜ್ಞರಿಂದಲೇ ಕೂರಿಸಿ. ಐದು ವರ್ಷದ ತಪಾಸಣೆಗೆ ಬಂದವರಿಗೆ ಒಲೆಯ ಜೊತೆ ಗೀಸರನ್ನೂ ತೋರಿಸಿ. ಬಾಡಿಗೆ ಮನೆಗೆ ಹೋಗುವವರು ಮುಂಗಡ ಕೊಡುವ ಮೊದಲೇ ಬಚ್ಚಲು ನೋಡಿ, ಗೀಸರ್ ಒಳಗಿದ್ದರೆ ಹೊರಗೆ ಹಾಕಿಸಲು ಮಾಲೀಕರನ್ನು ಒತ್ತಾಯಿಸಿ.

ಪೈಪ್ ಗ್ಯಾಸ್

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ತುಮಕೂರು, ಬೆಳಗಾವಿ ಮುಂತಾದ ಕಡೆ ಕೊಳವೆ ಅನಿಲ ಮನೆ ತಲುಪುತ್ತಿದೆ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯಿಂದ ಪರವಾನಗಿ ಪಡೆದ ಕಂಪನಿ ಮಾತ್ರ ಇದನ್ನು ಕೊಡಬಹುದು. ರಸ್ತೆ ಅಗೆಯುವ ಅನುಮತಿಯನ್ನು ಸ್ಥಳೀಯ ಸಂಸ್ಥೆಯಿಂದ ಪಡೆಯುವುದು ಕಂಪನಿಯ ಕೆಲಸ. ಮನೆಯೊಳಗೆ ಪೈಪು ಜೋಡಿಸಿದ ಮೇಲೆ ಒತ್ತಡದ ಪರೀಕ್ಷೆ ಮಾಡದೆ ಗ್ಯಾಸ್ ಬಿಡಕೂಡದು. ಅದನ್ನು ನಿಮ್ಮೆದುರು ಮಾಡಲಿ.

ಈ ಅನಿಲ ಗಾಳಿಗಿಂತ ಹಗುರ. ಹಾಗಾಗಿ ಕಿಂಡಿ ಗೋಡೆಯ ಮೇಲ್ಭಾಗದಲ್ಲಿರಬೇಕು. ಸಿಲಿಂಡರಿನ ಒಲೆಯನ್ನು ಹಾಗೇ ಜೋಡಿಸಲಾಗದು, ಜೆಟ್ ಬದಲಿಸಬೇಕು. ಅದನ್ನೂ ಕಂಪನಿಯವರೇ ಮಾಡಬೇಕು. ಮುಂದೆ ಅಡುಗೆಮನೆ ಕೆಡವಿ ಕಟ್ಟುವಾಗ ಗ್ಯಾಸ್ ಪೈಪನ್ನು ಪ್ಲಂಬರ್ ಕೈಗೆ ಕೊಡಬೇಡಿ, ಕಂಪನಿಗೆ ತಿಳಿಸಿ. ಅಂಗಳದಲ್ಲಿ ಸಂಪು, ಬೋರ್‌ವೆಲ್ ತೋಡಿಸುವ ಮೊದಲು ಪೈಪು ಎಲ್ಲಿ ಹಾದಿದೆಯೆಂದು ಅವರಿಂದ ಗುರುತು ಹಾಕಿಸಿಕೊಳ್ಳಿ.

ಅವಘಡವಾದರೆ

ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಅಥವಾ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಇದು ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ. ಕೊಳವೆ ಅನಿಲದವರು ಕಂಪನಿಯ ತುರ್ತು ಸಂಖ್ಯೆಯನ್ನು ಮೀಟರಿನ ಬಳಿ ಬರೆದಿಟ್ಟಿರಬೇಕು. ಲೈನ್ ಹರಿದು ಬಿದ್ದಿದ್ದರೆ, ಮೀಟರಿನಲ್ಲಿ ಕಿಡಿ ಕಂಡರೆ 1912. ಬೆಂಕಿಗೆ 101 ಅಥವಾ 112.

ಎಲ್‌ಪಿಜಿ ಗ್ರಾಹಕರಿಗೆ ತೈಲ ಕಂಪನಿಗಳ ವಿಮೆ ಇದೆ. ಸಿಲಿಂಡರ್ ಅವಘಡದಲ್ಲಿ ಸಾವಾದರೆ ತಲಾ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ನೋಂದಾಯಿತ ವಿಳಾಸದ ಆಸ್ತಿ ಹಾನಿಗೆ 2 ಲಕ್ಷದವರೆಗೆ. ಇದಕ್ಕೆ ಪ್ರತ್ಯೇಕ ಕಂತು ಕಟ್ಟಬೇಕಿಲ್ಲ, ಆದರೆ ಏಜೆನ್ಸಿಗೆ ತಕ್ಷಣ ಲಿಖಿತವಾಗಿ ತಿಳಿಸಬೇಕು. ಮನೆ ಬದಲಿಸಿದವರು ಗ್ಯಾಸ್ ಸಂಪರ್ಕದ ವಿಳಾಸವನ್ನೂ ಬದಲಿಸುವುದು ಇದಕ್ಕಾಗಿಯೇ ಮುಖ್ಯ. ವಿದ್ಯುತ್ ಅವಘಡವಾದರೆ ಕಂಪನಿಗೂ ಪೊಲೀಸರಿಗೂ ತಿಳಿಸಿ, ವಿದ್ಯುತ್ ಪರಿವೀಕ್ಷಕರು ನೋಡುವವರೆಗೆ ಸ್ಥಳವನ್ನು ಕದಲಿಸಬೇಡಿ. ಅವರ ವರದಿ ಪರಿಹಾರಕ್ಕೆ ಆಧಾರ.

ಒಂದು ಫೈಲು, ಐದು ವರ್ಷಕ್ಕೊಂದು ದಿನ

ವೈರಿಂಗ್ ವರದಿ, ಕಾಂಟ್ರಾಕ್ಟರ್ ಲೈಸೆನ್ಸಿನ ಪ್ರತಿ, ಮೆಗ್ಗರ್ ಮತ್ತು ಅರ್ಥಿಂಗ್ ಅಳತೆ, ಗಾರೆಗೆ ಮುಂಚಿನ ಫೋಟೊಗಳು, ಲೋಡ್ ಮಂಜೂರಾತಿ, ಗ್ಯಾಸ್ ಪುಸ್ತಕ, ತಪಾಸಣೆಯ ರಸೀದಿ, ಪೈಪು ಬದಲಿಸಿದ ದಿನಾಂಕ ಇಷ್ಟನ್ನೂ ಒಂದೇ ಫೈಲಿನಲ್ಲಿಡಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಅದರ ಪ್ರತಿಯನ್ನೂ ಕೊಡಿ.

ಸಂಪರ್ಕ ಪಡೆದ ಮನೆಗಳ ವೈರಿಂಗನ್ನೂ ಐದು ವರ್ಷ ಮೀರದಂತೆ ಮರುಪರೀಕ್ಷಿಸಬೇಕೆಂಬುದು ಕೇಂದ್ರದ ಸುರಕ್ಷತಾ ನಿಯಮಾವಳಿಯ ನಿಲುವು. ಲಕ್ಷಾಂತರ ಮನೆಗಳಿಗೆ ಯಾರೂ ತಾವಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಗ್ಯಾಸ್ ಪೈಪಿಗೂ ಐದೇ ವರ್ಷದ ಲೆಕ್ಕ ಇರುವುದರಿಂದ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ. ಏಜೆನ್ಸಿಯ ಮೆಕ್ಯಾನಿಕ್ಕನ್ನೂ ಪರ್ಮಿಟ್ ಇರುವ ವೈರ್‌ಮನ್ನನ್ನೂ ನೀವೇ ಕರೆಸಿ, ಎದುರಿಗೆ ನಿಂತು ಪರೀಕ್ಷೆ ಮಾಡಿಸಿ, ಅಳತೆ ಬರೆಸಿ, ಆಮೇಲೆ ಸಹಿ ಹಾಕಿ. ನಿಮ್ಮ ಗ್ಯಾಸ್ ಪೈಪಿನ ಮೇಲಿನ ವರ್ಷವನ್ನು ಇಂದೇ ಓದಿ, ಆರ್‌ಸಿಸಿಬಿಯ ಗುಂಡಿಯನ್ನು ಇಂದೇ ಒತ್ತಿ ನೋಡಿ. ಊರಿನಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ ಇದ್ದರೆ, ಮುಂದಿನ ಸಲ ಹೋದಾಗ ಅವರ ಮನೆಯಲ್ಲೂ ಇದೇ ಕೆಲಸ ಮಾಡಿಸಿ ಬನ್ನಿ.